ಗಾಳಿಯಲ್ಲಿ ಗಾಲ್ಫ್: ಜೋರಾಗಿ ಹೊಡೆದರೆ ದೂರ ಹೋಗದು!

ಆಷಾಢ ಬಂತೆಂದರೆ ನಮ್ಮ ಹಳೇ ಮೈಸೂರಿನ ಕಡೆ ಮಕ್ಕಳ ಕೈಗೆ ಗಾಳಿಪಟ ಬರುತ್ತದೆ. ಮಹಡಿಯ ಮೇಲೆ ಒಣಹಾಕಿದ ಸೀರೆ ಪಕ್ಕದ ಮನೆಯ ಅಂಗಳ ಸೇರುತ್ತದೆ. ಗಾಲ್ಫ್ ಆಡುವ ನಮ್ಮ ಸೋದರಿಯರಿಗೆ ಮಾತ್ರ ಬೇಸರ ಬರುತ್ತದೆ! ಬೇಸಗೆಯಲ್ಲಿ ಸಲೀಸಾಗಿ 150 ಗಜ ಹೋಗುತ್ತಿದ್ದ ಚೆಂಡು ಈಗ ಎದುರುಗಾಳಿಗೆ ಸಿಕ್ಕಿ ಮೇಲಕ್ಕೆದ್ದು, ಒಂದು ಗಳಿಗೆ ಅಲ್ಲೇ ತೂಗಾಡಿ, 120 ಗಜದ ಹತ್ತಿರ ಧೊಪ್ಪೆಂದು ಬಿದ್ದುಬಿಡುತ್ತದೆ. ಮೊನ್ನೆವರೆಗೆ ದಾಟುತ್ತಿದ್ದ ಹಳ್ಳ ಈಗ ಚೆಂಡನ್ನು ನುಂಗತೊಡಗುತ್ತದೆ.

ಆಗ ಸುತ್ತಲಿದ್ದವರ ಬಾಯಲ್ಲೆಲ್ಲ ಒಂದೇ ಸಲಹೆ. “ಗಾಳಿ ಎದುರಿಗೈತೆ ಅಮ್ಮಾ, ಜೋರಾಗಿ ಹೊಡೀರಿ” ಅಂತಾನೆ ಕ್ಯಾಡಿ. “ಇನ್ನೂ ಸ್ವಲ್ಪ ಶಕ್ತಿ ಹಾಕೇ” ಅಂತಾರೆ ಯಜಮಾನರು. ನೀವು ಹಲ್ಲು ಕಚ್ಚಿ, ಕೋಲನ್ನು ಬಿಗಿಯಾಗಿ ಹಿಡಿದು, ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿ ಬೀಸುತ್ತೀರಿ. ಚೆಂಡು ಮೊದಲಿಗಿಂತಲೂ ಹತ್ತು ಗಜ ಹಿಂದೆಯೇ ಬೀಳುತ್ತದೆ. ಎರಡು ಮೂರು ವಾರ ಹೀಗಾದರೆ ಯಾರಿಗೆ ತಾನೇ ಉತ್ಸಾಹ ಉಳಿದೀತು? “ಮಳೆಗಾಲ ಮುಗೀಲಿ, ಆಮೇಲೆ ನೋಡೋಣ” ಎಂದು ಕೋಲುಗಳ ಚೀಲವನ್ನು ಮಂಚದ ಕೆಳಗೆ ತಳ್ಳುತ್ತೀರಿ. ಅಷ್ಟರಲ್ಲಿ ಗೌರಿ ಹಬ್ಬ, ದಸರಾ, ದೀಪಾವಳಿ, ಬಂದುಹೋಗುವ ನೆಂಟರು, ಮಕ್ಕಳ ಪರೀಕ್ಷೆ... ಚೀಲ ಮತ್ತೆ ಹೊರಗೆ ಬರುವುದೇ ಇಲ್ಲ. ವಾರಕ್ಕೊಮ್ಮೆ ನಿಮ್ಮದೇ ಆಗಿದ್ದ ಆ ಮೂರು ಗಂಟೆ ಹೊತ್ತು ಮನೆಗೆಲಸದಲ್ಲಿ ಕರಗಿಹೋಗುತ್ತದೆ. ನನಗೆ ಗಜಗಳ ನಷ್ಟಕ್ಕಿಂತ ಇದೇ ದೊಡ್ಡ ನಷ್ಟವೆನಿಸುತ್ತದೆ. ಅದಕ್ಕೇ ಈ ಲೇಖನ.

ಗಾಲ್ಫ್ ಆಡದವರೂ ಪುಟ ತಿರುವಬೇಡಿ. ನಿಮ್ಮ ಮಗಳೋ ಸೊಸೆಯೋ ಆಡುತ್ತಿರಬಹುದು. ಬೆಂಗಳೂರು, ಮೈಸೂರುಗಳಲ್ಲಲ್ಲದೆ ಕೊಡಗು, ಚಿಕ್ಕಮಗಳೂರಿನ ಕಾಫಿ ಸೀಮೆಯಲ್ಲೂ ಗಾಲ್ಫ್ ಮೈದಾನಗಳಿವೆ. ಬೆಂಗಳೂರು ಗಾಲ್ಫ್ ಕ್ಲಬ್ಬು ಶುರುವಾದದ್ದೇ 1876ರಲ್ಲಿ. ಪ್ರತಿ ಗುಳಿಯ ಆಟವೂ ‘ಟೀ’ ಎಂಬ ಪುಟ್ಟ ಗೂಟದ ಮೇಲೆ ಚೆಂಡನ್ನಿಟ್ಟು ಹೊಡೆಯುವುದರಿಂದ ಆರಂಭ. ಉದ್ದವಾದ ಗುಳಿಗಳಲ್ಲಿ ಈ ಮೊದಲ ಹೊಡೆತಕ್ಕೆ ಎಲ್ಲಕ್ಕಿಂತ ಉದ್ದನೆಯ, ದಪ್ಪ ತಲೆಯ ಕೋಲನ್ನು ಬಳಸುತ್ತಾರೆ. ಅದರ ಹೆಸರು ಡ್ರೈವರ್. ಇಲ್ಲಿ ಹೇಳುವುದೆಲ್ಲ ಈ ಮೊದಲ ಹೊಡೆತದ ವಿಚಾರ.

ಹೆಂಗಸರಿಗೆ 80 ಗಜ ಸಾಕಂತೆ!

“ಹೆಂಗಸರ ಕೈಯಲ್ಲಿ ದೂರ ಹೊಡೆಯೋಕೆ ಆಗುತ್ತಾ?” ಎಂಬ ಪ್ರಶ್ನೆ ಹೊಸದಲ್ಲ. 1890ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಗಾಲ್ಫಿನ ದೊಡ್ಡ ಗ್ರಂಥವೊಂದರಲ್ಲಿ ಲಾರ್ಡ್ ವೆಲ್‌ವುಡ್ ಎಂಬ ಮಹನೀಯರು ಹೆಂಗಸರ ಹೊಡೆತಕ್ಕೆ 70-80 ಗಜವೇ ತಕ್ಕ ಮಿತಿಯೆಂದು ಬರೆದರು. ಶಕ್ತಿ ಇಲ್ಲವೆಂದಲ್ಲ, ಕೋಲನ್ನು ಹೆಗಲ ಮೇಲಕ್ಕೆತ್ತಿ ಬೀಸುವುದು ಉಟ್ಟ ಬಟ್ಟೆಗೆ ಚೆಂದ ಕಾಣುವುದಿಲ್ಲ ಎಂಬುದು ಅವರ ಚಿಂತೆ! ಚೆಂದ ಕಾಣದಿದ್ದರೆ ತಪ್ಪು ಉಡುಪಿನದೋ ಉಟ್ಟವರದೋ ಎಂದು ಅವರನ್ನು ಕೇಳುವವರು ಯಾರೂ ಇರಲಿಲ್ಲವೆಂದು ಕಾಣುತ್ತದೆ.

ಆ ಕಾಲದ ಉಡುಪು ಪಾದ ಮುಟ್ಟುವ ಲಂಗ. ಸಮುದ್ರದ ಗಾಳಿಗೆ ಅದು ಉಬ್ಬಿ ಹಾರಿ, ನೆಲದ ಮೇಲಿನ ಚೆಂಡೇ ಕಣ್ಣಿಗೆ ಬೀಳುತ್ತಿರಲಿಲ್ಲ. ಅದಕ್ಕೆ ಹೆಂಗಸರೇ ಒಂದು ಉಪಾಯ ಕಂಡುಕೊಂಡರು. ಲಂಗದ ಸುತ್ತ ಹಾಕಿಕೊಳ್ಳುವ ಎಲಾಸ್ಟಿಕ್ ಪಟ್ಟಿ. ಅದಕ್ಕೆ ‘ಮಿಸ್ ಹಿಗಿನ್ಸ್’ ಎಂದೇ ಹೆಸರು ಬಿತ್ತು. ಅಂಥ ಉಡುಪಿನಲ್ಲೇ 1893ರಲ್ಲಿ ಇಂಗ್ಲೆಂಡಿನ ಪಶ್ಚಿಮ ಕರಾವಳಿಯ ಲಿಥಮ್‌ನಲ್ಲಿ ಬ್ರಿಟಿಷ್ ಮಹಿಳೆಯರ ಮೊದಲ ಚಾಂಪಿಯನ್‌ಷಿಪ್ ನಡೆಯಿತು. ಲೇಡಿ ಮಾರ್ಗರೆಟ್ ಸ್ಕಾಟ್ ಗೆದ್ದರು. ಮರುವರ್ಷವೂ, ಅದರ ಮರುವರ್ಷವೂ ಅವರೇ ಗೆದ್ದರು. ಸೇಂಟ್ ಆಂಡ್ರ್ಯೂಸ್‌ನ ಪ್ರಖ್ಯಾತ ರಾಯಲ್ ಅಂಡ್ ಏನ್ಷಿಯಂಟ್ ಕ್ಲಬ್ಬಿನವರು ಹೆಂಗಸರನ್ನು ಸದಸ್ಯರನ್ನಾಗಿ ಸೇರಿಸಿಕೊಳ್ಳಲು ಒಪ್ಪಿದ್ದು 2014ರಲ್ಲಿ ಎಂದರೆ ನಂಬುತ್ತೀರಾ? ಅದಿರಲಿ, ಗಾಳಿಯ ವಿಚಾರಕ್ಕೆ ಬರೋಣ.

ಚೆಂಡು ಗಾಳಿಪಟವಾದಾಗ

ಡ್ರೈವರಿನಿಂದ ಹೊಡೆದ ಚೆಂಡು ಮುಂದಕ್ಕೆ ಹಾರುತ್ತಲೇ ತನ್ನಷ್ಟಕ್ಕೆ ಹಿಮ್ಮುಖವಾಗಿ ತಿರುಗುತ್ತಿರುತ್ತದೆ, ನಿಮಿಷಕ್ಕೆ ಎರಡೂವರೆ ಮೂರು ಸಾವಿರ ಸುತ್ತು. ಪ್ರಸನ್ನ, ಚಂದ್ರಶೇಖರ್, ಕುಂಬ್ಳೆಯವರ ನಾಡಿನವರಾದ ನಮಗೆ ಸ್ಪಿನ್ ಎಂದರೇನೆಂದು ಬಿಡಿಸಿ ಹೇಳಬೇಕೇ? ಈ ಹಿಮ್ಮುಖ ಸುತ್ತೇ ಚೆಂಡನ್ನು ಗಾಳಿಯಲ್ಲಿ ಎತ್ತಿ ಹಿಡಿಯುತ್ತದೆ. ಇದನ್ನು 1890ರ ದಶಕದಲ್ಲಿ ಲೆಕ್ಕ ಹಾಕಿ ತೋರಿಸಿದವರು ಎಡಿನ್‌ಬರೊದ ಪ್ರೊಫೆಸರ್ ಟೇಟ್. ಅವರಿಗೆ ಪ್ರಯೋಗಶಾಲೆ ಮನೆಯಲ್ಲೇ ಇತ್ತೆನ್ನಬೇಕು. ಅವರ ಮಗ ಫ್ರೆಡ್ಡಿ ಟೇಟ್ 1896ರಲ್ಲೂ 1898ರಲ್ಲೂ ಬ್ರಿಟಿಷ್ ಅಮೆಚೂರ್ ಚಾಂಪಿಯನ್ ಆದ ಆಟಗಾರ.

ಚೆಂಡಿನ ಮೈಮೇಲಿನ ಸಿಡುಬಿನ ಕಲೆಯಂಥ ಗುಳಿಗಳೂ ಅಲಂಕಾರಕ್ಕಲ್ಲ. ನುಣುಪಾದ ಚೆಂಡಾದರೆ ಅದರ ಅರ್ಧದಷ್ಟು ದೂರ ಹೋದರೆ ಹೆಚ್ಚು. ಹಿಂದೆ ಚೆಂಡುಗಳು ನುಣುಪಾಗಿಯೇ ಇದ್ದವು. ಆಡಿ ಆಡಿ ಮೈಯೆಲ್ಲ ಗೀರುಬಿದ್ದ ಹಳೆ ಚೆಂಡು ಹೊಸದಕ್ಕಿಂತ ಚೆನ್ನಾಗಿ ಹಾರುವುದನ್ನು ಕಂಡು, ಆಮೇಲೆ ಹೊಸ ಚೆಂಡನ್ನೇ ಸುತ್ತಿಗೆಯಿಂದ ಕುಟ್ಟಿ ಗುರುತು ಮಾಡತೊಡಗಿದರಂತೆ.

ಈಗ ಎದುರುಗಾಳಿ ಏನು ಮಾಡುತ್ತದೆ ನೋಡಿ. ಗಾಳಿಪಟ ಹಾರಿಸಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಎದುರಿನ ಗಾಳಿ ಜೋರಾದಷ್ಟೂ ಪಟ ಮೇಲಕ್ಕೇರುತ್ತದೆ, ಮುಂದಕ್ಕೆ ಹೋಗುವುದಿಲ್ಲ. ತಿರುಗುವ ಚೆಂಡಿನದೂ ಇದೇ ಕಥೆ. ಎದುರುಗಾಳಿಯಲ್ಲಿ ಚೆಂಡಿಗೆ ತಾಗುವ ಗಾಳಿಯ ವೇಗ ಹೆಚ್ಚುತ್ತದೆ. ಆಗ ಅದನ್ನು ಹಿಂದಕ್ಕೆ ಜಗ್ಗುವ ಶಕ್ತಿ, ಮೇಲಕ್ಕೆತ್ತುವ ಶಕ್ತಿ ಎರಡೂ ಹೆಚ್ಚುತ್ತವೆ. ಮೇಲೆ ಹೋದಷ್ಟೂ ಗಾಳಿ ಇನ್ನೂ ಜೋರು. ಚೆಂಡು ಕಡೆಗೆ ಕಡಿದಾಗಿ ಕೆಳಗಿಳಿಯುತ್ತದೆ, ಬಿದ್ದಮೇಲೆ ಉರುಳುವುದೂ ಇಲ್ಲ.

ಆಟಗಾರರು ಬಳಸುವ ಅಂದಾಜು ಲೆಕ್ಕ ಹೀಗಿದೆ. ಎದುರುಗಾಳಿಯ ವೇಗ ಗಂಟೆಗೆ ಒಂದು ಮೈಲಿ ಏರಿದರೆ ಹೊಡೆತ ನೂರಕ್ಕೆ ಒಂದು ಪಾಲು ಕುಗ್ಗುತ್ತದೆ. ಹಿಂದಿನಿಂದ ಬೀಸುವ ಗಾಳಿ ಅಷ್ಟೇ ಏರಿದರೆ ಸಿಗುವ ಲಾಭ ಅರ್ಧ ಪಾಲು ಮಾತ್ರ. ಅಂದರೆ 150 ಗಜ ಹೊಡೆಯುವ ನಿಮಗೆ 10 ಮೈಲಿ ವೇಗದ ಎದುರುಗಾಳಿಯಲ್ಲಿ 15 ಗಜ ನಷ್ಟ, ಅದೇ ಗಾಳಿ ಬೆನ್ನಿಗಿದ್ದರೆ ಏಳೆಂಟು ಗಜ ಲಾಭ. ಗಾಳಿ ಕಿತ್ತುಕೊಂಡದ್ದನ್ನು ಪೂರ್ತಿ ಹಿಂದಕ್ಕೆ ಕೊಡುವುದಿಲ್ಲ, ಚೀಟಿ ಹಣ ಎತ್ತಿಕೊಂಡು ಹೋದವರ ಹಾಗೆ! ಆದ್ದರಿಂದ ನಿಮ್ಮ ಚೆಂಡು 135 ಗಜದಲ್ಲಿ ಬಿದ್ದರೆ ಅದು ನಿಮ್ಮ ತಪ್ಪಲ್ಲ, ಒಳ್ಳೆಯ ಹೊಡೆತವೇ. ಆದರೆ ಅದು 115ಕ್ಕೆ ಬಿದ್ದರೆ, ಆ ಹೆಚ್ಚಿನ 20 ಗಜವನ್ನು ಕದ್ದದ್ದು ಗಾಳಿಯಲ್ಲ. ಅದನ್ನು ನೀವು ವಾಪಸು ಪಡೆಯಬಹುದು.

ಗಾಳಿ ಎಷ್ಟಿದೆಯೆಂದು ಹೇಗೆ ತಿಳಿಯುವುದು? ಬ್ರಿಟಿಷ್ ನೌಕಾಪಡೆಯ ಬ್ಯೂಫರ್ಟ್ ಎಂಬ ಅಧಿಕಾರಿ ಎರಡು ಶತಮಾನದ ಹಿಂದೆಯೇ ಗಾಳಿಗೆ ಮೆಟ್ಟಿಲು ಕಟ್ಟಿಟ್ಟಿದ್ದಾನೆ. ನೆಲದ ಮೇಲಿನವರಿಗೆ ಹೊಂದುವಂತೆ ಅದನ್ನು ಆಮೇಲೆ ತಿದ್ದಿದರು. ಎಲೆ, ಸಣ್ಣ ಕಡ್ಡಿಗಳು ಬಿಡುವಿಲ್ಲದೆ ಅಲುಗುತ್ತಿದ್ದು ಹಗುರ ಬಾವುಟ ಬಿಚ್ಚಿಕೊಂಡಿದ್ದರೆ ಗಂಟೆಗೆ 12ರಿಂದ 19 ಕಿಲೋಮೀಟರ್, ಅಂದರೆ ಹತ್ತು ಮೈಲಿಯ ಆಸುಪಾಸು. ಧೂಳೂ ಕಾಗದದ ಚೂರೂ ಮೇಲೇಳುತ್ತಿದ್ದರೆ 20ರಿಂದ 28. ಎಳೆ ಮರಗಳೇ ತೂಗಾಡುತ್ತಿದ್ದರೆ 29ಕ್ಕೂ ಮೇಲೆ. ಒಂದು ಚಿಟಿಕೆ ಹುಲ್ಲು ಕಿತ್ತು ತೂರಿದರೆ ಎದೆಮಟ್ಟದ ಗಾಳಿ ಮಾತ್ರ ಗೊತ್ತಾಗುತ್ತದೆ. ನಿಮ್ಮ ಚೆಂಡು ಹಾರುವುದು ಮರದ ನೆತ್ತಿಯ ಮಟ್ಟದಲ್ಲಿ. ಆದ್ದರಿಂದ ಹುಲ್ಲನ್ನೂ ನೋಡಿ, ದೂರದ ಸಿಲ್ವರ್ ಓಕ್ ತುದಿಯನ್ನೂ ನೋಡಿ.

ಸೀಮೆಸುಣ್ಣದ ಪರೀಕ್ಷೆ

ಈಗ ಮುಖ್ಯ ವಿಷಯ. ಜೋರಾಗಿ ಹೊಡೆದರೆ ಏಕೆ ಹಿಂದೆ ಬೀಳುತ್ತದೆ?

ಡ್ರೈವರಿನ ಮುಖದ ಸರಿಯಾದ ನಡುವಿಗೆ ತಾಗಿದ ಚೆಂಡು ಕೋಲಿನ ವೇಗದ ಒಂದೂವರೆ ಪಟ್ಟು ವೇಗದಲ್ಲಿ ಹಾರುತ್ತದೆ. ಅಂಚಿಗೆ ತಾಗಿದರೆ ಅಷ್ಟು ಸಿಗುವುದಿಲ್ಲ, 1.35 ಪಟ್ಟಿಗೋ ಇನ್ನೂ ಕೆಳಕ್ಕೋ ಇಳಿಯುತ್ತದೆ. ನಿಮ್ಮ ಕೋಲಿನ ವೇಗ ಗಂಟೆಗೆ 70 ಮೈಲಿ ಎನ್ನಿ. ನಡುವಿಗೆ ತಾಗಿದರೆ ಚೆಂಡಿಗೆ 105 ಮೈಲಿ ವೇಗ. ಹಲ್ಲು ಕಚ್ಚಿ ಬೀಸಿ ಕೋಲಿನ ವೇಗವನ್ನು 75ಕ್ಕೆ ಏರಿಸಿದಿರಿ, ಆ ರಭಸದಲ್ಲಿ ಚೆಂಡು ಅಂಚಿಗೆ ತಾಗಿತು ಎಂದುಕೊಳ್ಳೋಣ. ಸಿಕ್ಕಿದ್ದು 101 ಮೈಲಿ! ಬೆವರು ಸುರಿಸಿ ನಾಲ್ಕು ಮೈಲಿ ಕಳೆದುಕೊಂಡಂತಾಯಿತು. ಕಳೆದುಕೊಂಡದ್ದು ಅಷ್ಟೇ ಅಲ್ಲ. ಮುಖದ ಕೆಳಭಾಗಕ್ಕೆ ತಾಗಿದ ಚೆಂಡು ಹೆಚ್ಚು ಸುತ್ತುತ್ತದೆ, ಹೆಚ್ಚು ಸುತ್ತಿದ್ದು ಗಾಳಿಪಟವಾಗುತ್ತದೆ. ನಡುವಿನಿಂದ ಕೊಂಚ ಮೇಲೆ ತಾಗಿದ್ದು ಕಡಿಮೆ ಸುತ್ತಿ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ.

ಹಾಗಾದರೆ ನಿಮ್ಮ ಚೆಂಡು ಎಲ್ಲಿ ತಾಗುತ್ತಿದೆ? ಇದಕ್ಕೆ ದುಬಾರಿ ಯಂತ್ರ ಬೇಡ. ಮಕ್ಕಳ ಪಾಟಿಚೀಲದಿಂದ ಒಂದು ತುಂಡು ಸೀಮೆಸುಣ್ಣ ತೆಗೆದುಕೊಂಡು ಹೋಗಿ. ಅಭ್ಯಾಸದ ಜಾಗದಲ್ಲಿ ಚೆಂಡಿನ ಒಂದು ಮಗ್ಗುಲಿಗೆ ದಪ್ಪಗೆ ಬಳಿದು, ಆ ಮಗ್ಗುಲು ಕೋಲಿನ ಕಡೆಗಿರುವಂತೆ ಟೀ ಮೇಲಿಟ್ಟು ಹೊಡೆಯಿರಿ. ಕೋಲಿನ ಮುಖದ ಮೇಲೆ ಬಿಳಿ ಮಚ್ಚೆ ಉಳಿಯುತ್ತದೆ. ಅದನ್ನು ನೋಡಿ, ಒರೆಸಿ, ಮತ್ತೆ ಹೊಡೆಯಿರಿ. ಹತ್ತು ಚೆಂಡು ಬಲವಾಗಿ, ಹತ್ತು ಚೆಂಡು ಮುಕ್ಕಾಲು ಬಲದಲ್ಲಿ. ಮಚ್ಚೆಗಳು ಯಾವಾಗ ಒಂದೇ ಕಡೆ ಗುಂಪಾಗಿವೆ, ಯಾವಾಗ ಮುಖದ ತುಂಬ ಚೆಲ್ಲಿವೆ ಎಂಬುದನ್ನು ನೀವೇ ಕಾಣುವಿರಿ. ಅಂದ ಹಾಗೆ, ಇದು ಅಭ್ಯಾಸಕ್ಕೆ ಮಾತ್ರ. ಆಟದ ನಡುವೆ ಚೆಂಡಿಗೋ ಕೋಲಿಗೋ ಏನನ್ನಾದರೂ ಬಳಿಯುವುದು ನಿಯಮಕ್ಕೆ ವಿರುದ್ಧ.

ಇನ್ನು ನಿಲ್ಲುವ ರೀತಿ. ಗಾಳಿಯಲ್ಲಿ ಮೈ ಓಲಾಡುವುದರಿಂದ ಕಾಲುಗಳನ್ನು ಎಂದಿಗಿಂತ ಎರಡು ಬೆರಳು ಅಗಲವಾಗಿ ಊರಿ. ಕೋಲನ್ನು ತುದಿಯಿಂದ ಒಂದಂಗುಲ ಕೆಳಗೆ ಹಿಡಿಯಿರಿ. ಕೋಲು ಗಿಡ್ಡವಾದಷ್ಟೂ ನಡುವಿಗೆ ತಾಗಿಸುವುದು ಸುಲಭ. ಹಿಡಿತ ಬಿಗಿಯಾಗುವುದು ಬೇಡ. ಎಳೆಯ ಮಗುವಿನ ಕೈ ಹಿಡಿದು ರಸ್ತೆ ದಾಟುತ್ತೀರಲ್ಲ, ಅಷ್ಟು ಸಾಕು. ಬೀಸು ಮುಕ್ಕಾಲು ಇರಲಿ. ಮೊಸರು ಕಡೆಯುವಾಗ ಕೈಗೆ ಒಂದು ಲಯ ಸಿಗುತ್ತದಲ್ಲವೇ? ಅವಸರ ಮಾಡಿದರೆ ಮಜ್ಜಿಗೆ ಚೆಲ್ಲುತ್ತದೆ, ಬೆಣ್ಣೆ ಬರುವುದಿಲ್ಲ. ಬೀಸು ಮುಗಿದಮೇಲೆ ಎರಡು ಎಣಿಸುವವರೆಗೆ ಅಲುಗದೆ ನಿಲ್ಲಲಾದರೆ ನಿಮ್ಮ ಲಯ ಸರಿಯಿದೆ. ತೂರಾಡಿದಿರೋ, ಇನ್ನೂ ಜೋರು ಮಾಡುತ್ತಿದ್ದೀರಿ ಎಂದೇ ಅರ್ಥ.

ಟೀ ಎತ್ತರದ ವಿಷಯದಲ್ಲಿ ನಾನು ಕ್ಲಬ್ಬಿನ ಪಂಡಿತರ ಮಾತನ್ನು ಒಪ್ಪುವುದಿಲ್ಲ. “ಗಾಳಿಯಲ್ಲವಾ, ಟೀಯನ್ನು ನೆಲಕ್ಕೆ ತಳ್ಳಿ, ಚೆಂಡನ್ನ ಹಿಂದಿನ ಕಾಲಿನ ಹತ್ತಿರ ಇಟ್ಕೊಂಡು ಮೇಲಿಂದ ಕುಟ್ಟಿ” ಅಂತಾರೆ. ಬಲವಾಗಿ ಬೀಸುವ ಗಂಡಸರಿಗೆ ಅದು ನಡೆದೀತು. ಬೀಸಿನ ವೇಗ ಕಡಿಮೆಯಿರುವ ನಮಗೆ ಅದರಿಂದ ಎರಡು ನಷ್ಟ. ಮೇಲಿನಿಂದ ಕುಟ್ಟಿದರೆ ಸುತ್ತು ಹೆಚ್ಚುತ್ತದೆ. ಟೀ ತೀರಾ ತಗ್ಗಾದರೆ ಚೆಂಡು ಕೋಲಿನ ಮುಖದ ಕೆಳಭಾಗಕ್ಕೇ ತಾಗುತ್ತದೆ. ಅಮೆರಿಕದ ಎಲ್‌ಪಿಜಿಎ ಮಹಿಳಾ ವೃತ್ತಿಪರರನ್ನು ರೇಡಾರ್ ಯಂತ್ರದಿಂದ ಅಳೆದು ನೋಡಿದ್ದಾರೆ. ಅವರ ಕೋಲಿನ ಸರಾಸರಿ ವೇಗ ಗಂಟೆಗೆ ಸುಮಾರು 95 ಮೈಲಿ, ಗಂಡಸರದಕ್ಕಿಂತ 20 ಮೈಲಿಯಷ್ಟು ಕಡಿಮೆ. ಆದರೂ ಅವರ ಚೆಂಡು ಗಾಳಿಯಲ್ಲೇ ಸುಮಾರು 220 ಗಜ ಸಾಗುತ್ತದೆ. ಗುಟ್ಟೇನು? ಗಂಡು ವೃತ್ತಿಪರರು ಸರಾಸರಿ ಒಂದು ಡಿಗ್ರಿಯಷ್ಟು ಕೆಳಮುಖವಾಗಿ ಹೊಡೆದರೆ, ಈ ಹೆಣ್ಣುಮಕ್ಕಳು ಮೂರು ಡಿಗ್ರಿಯಷ್ಟು ಮೇಲ್ಮುಖವಾಗಿ ಹೊಡೆಯುತ್ತಾರೆ. ಕೈಯಲ್ಲಿರುವ ಬಲ ಪೋಲಾಗದಂತೆ ಖರ್ಚುಮಾಡುವ ಜಾಣತನ ಇದು. ತಿಂಗಳ ಕೊನೆಯಲ್ಲಿ ಮನೆ ನಡೆಸಿ ಗೊತ್ತಿರುವವರಿಗೆ ಇದನ್ನು ಯಾರು ಕಲಿಸಬೇಕು?

ಆದ್ದರಿಂದ ನೀವು ಬಲಗೈಯವರಾದರೆ, ಗಾಳಿಯಲ್ಲೂ ಚೆಂಡು ಎಡ ಹಿಮ್ಮಡಿಯ ಒಳ ಅಂಚಿನ ಎದುರಿಗೇ ಇರಲಿ. ಎಡಗೈಯವರು ಎಲ್ಲವನ್ನೂ ಅದಲುಬದಲು ಮಾಡಿಕೊಳ್ಳಿ. ಬಲ ಹೆಗಲು ತುಸು ತಗ್ಗಿರಲಿ, ಚೆಂಡಿಗೆ ತಾಗುವಾಗ ತಲೆ ಚೆಂಡಿಗಿಂತ ಹಿಂದೆಯೇ ಉಳಿಯಲಿ. ಟೀಯನ್ನು ಎಂದಿನ ಎತ್ತರಕ್ಕಿಂತ ಒಂದು ಉಗುರಿನಷ್ಟು ತಗ್ಗಿಸಿದರೆ ಬೇಕಾದಷ್ಟಾಯಿತು. ಹೆಚ್ಚು ಓರೆಯಿರುವ, ಅಂದರೆ 12 ಡಿಗ್ರಿಗೂ ಮೇಲಿನ ಡ್ರೈವರನ್ನು ಬಿಟ್ಟು ಯಜಮಾನರ 9 ಡಿಗ್ರಿಯದನ್ನು ಎರವಲು ಪಡೆಯುವ ಸಾಹಸವೂ ಬೇಡ. ನಿಧಾನವಾಗಿ ಬೀಸುವವರಿಗೆ ಆ ಓರೆ ಬೇಕೇ ಬೇಕು. ಚೆಂಡಿನ ಮಾತು ಹೇಳುವುದಾದರೆ, ದುಬಾರಿಯದೇ ಮೇಲೆಂದು ತಿಳಿಯಬೇಡಿ. ಎರಡು ಪದರದ ಅಗ್ಗದ ಚೆಂಡುಗಳು ಸಾಮಾನ್ಯವಾಗಿ ಕಡಿಮೆ ಸುತ್ತುತ್ತವೆ. ಗಾಳಿಯ ದಿನಕ್ಕೆ ಅವೇ ಲೇಸು, ಹಳ್ಳಕ್ಕೆ ಬಿದ್ದರೂ ಹೊಟ್ಟೆ ಉರಿಯುವುದಿಲ್ಲ!

ಸೊಂಟ ನೋವಿನ ತಾಯಂದಿರಿಗೆ ಒಂದು ಎಚ್ಚರಿಕೆ. ಬಲವಂತದ ಬೀಸಿನಿಂದ ಮೊದಲು ಪೆಟ್ಟು ತಿನ್ನುವುದು ಬೆನ್ನಿನ ಕೆಳಭಾಗ, ಆಮೇಲೆ ಮೊಣಕೈಯ ಒಳಮಗ್ಗುಲು. ಬಿಗಿ ಹಿಡಿತ, ನೆಲಕ್ಕೆ ಕುಟ್ಟುವ ಹೊಡೆತ, ಎರಡೂ ಅದಕ್ಕೆ ಕಾರಣ. ಮೊಣಕೈಯ ಆ ನೋವಿಗೆ ‘ಗಾಲ್ಫರ್ಸ್ ಎಲ್ಬೋ’ ಎಂದೇ ಹೆಸರಿದೆ. ಚಳಿಗಾಳಿಯ ಬೆಳಗಿನಲ್ಲಿ ಕಾರಿನಿಂದ ಇಳಿದವರೇ ಡ್ರೈವರ್ ಎತ್ತಬೇಡಿ. ಹತ್ತು ನಿಮಿಷ ಚುರುಕಾಗಿ ನಡೆದು, ಹೆಗಲು, ಸೊಂಟ ತಿರುಗಿಸಿ, ಚಿಕ್ಕ ಕೋಲಿನಿಂದ ನಾಲ್ಕು ಸಲ ಬೀಸಿ ಮೈ ಬಿಸಿಯಾದಮೇಲೆ ಶುರುಮಾಡಿ. ನೋವು ವಾರಗಟ್ಟಲೆ ಉಳಿದರೆ ಎಣ್ಣೆ ತಿಕ್ಕುತ್ತಾ ಕೂಡದೆ ಡಾಕ್ಟರಿಗೆ ತೋರಿಸಿ.

ಗಾಳಿ ಬಂದಾಗ ತೂರಿಕೋ

ಈ ಗಾದೆ ಹಿಂಗಾಳಿಗೆ ಹೇಳಿ ಮಾಡಿಸಿದ್ದು. ಆದರೆ ಇಲ್ಲೂ ಒಂದು ಮೋಸವಿದೆ. ಬೆನ್ನಿಗೆ ಗಾಳಿಯಿದ್ದಾಗ ಚೆಂಡನ್ನು ಎತ್ತಿಹಿಡಿಯುವ ಶಕ್ತಿ ಕುಗ್ಗುತ್ತದೆ. ಮೆಲ್ಲನೆ ಬೀಸುವವರ ಚೆಂಡು ಮೇಲೇಳುವ ಮೊದಲೇ ನೆಲ ಕಾಣುತ್ತದೆ. ಆಗ ಟೀಯನ್ನು ಸ್ವಲ್ಪ ಎತ್ತರಿಸಿ. ಡ್ರೈವರಿನ ಬದಲು ಓರೆ ಹೆಚ್ಚಿರುವ ‘ಮೂರನೇ ವುಡ್’ ಹಿಡಿದು ನೋಡಿ. ಎಷ್ಟೋ ಮಹಿಳೆಯರಿಗೆ ಹಿಂಗಾಳಿಯಲ್ಲಿ ಅದೇ ಡ್ರೈವರಿನಷ್ಟು ದೂರ ಹೋಗುತ್ತದೆ.

ಅಡ್ಡಗಾಳಿಯೊಡನೆ ಜಗಳಕ್ಕೆ ನಿಲ್ಲಬೇಡಿ. ಹವ್ಯಾಸಿಗಳಲ್ಲಿ ಬಹುಮಂದಿಯ ಚೆಂಡು ಬಲಕ್ಕೆ ತಿರುಗುತ್ತದೆ. ಎಡದಿಂದ ಗಾಳಿ ಬೀಸಿದರೆ ಅದು ಪಕ್ಕದ ಗುಳಿಯ ಮೈದಾನಕ್ಕೇ ಹೋಯಿತೆನ್ನಿ. ಗುರಿಯನ್ನು ಎಡಕ್ಕೆ ಇಟ್ಟುಕೊಂಡು, ಗಾಳಿಯೇ ಚೆಂಡನ್ನು ನಡುವಿಗೆ ತರಲೆಂದು ಬಿಟ್ಟುಬಿಡಿ. ಗಾಳಿಗೆ ಎದುರಾಗಿ ತಿರುಗಿಸಿ ಹೊಡೆಯಲು ಹೋದರೆ ದೂರ ಕುಗ್ಗುತ್ತದೆ.

ಒಂದು ವಿಷಯದಲ್ಲಿ ವಿದೇಶದ ಪುಸ್ತಕಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಸ್ಕಾಟ್ಲೆಂಡಿನ ಕಡಲಂಚಿನ ‘ಲಿಂಕ್ಸ್’ ಮೈದಾನಗಳದು ಮರಳು ನೆಲ, ಗಟ್ಟಿ ಹುಲ್ಲು. ಅಲ್ಲಿ ತೀರಾ ತಗ್ಗಿನಲ್ಲಿ ಹೊಡೆದ ಚೆಂಡು ಬಿದ್ದಮೇಲೂ ಬಹುದೂರ ಉರುಳುತ್ತದೆ. ನಮ್ಮಲ್ಲಿ ಜೋರು ಗಾಳಿ ಬರುವುದೇ ಮುಂಗಾರಿನ ಜೊತೆಗೆ. ಒದ್ದೆ ನೆಲದಲ್ಲಿ ಚೆಂಡು ಬಿದ್ದಲ್ಲೇ ಕಚ್ಚಿ ನಿಲ್ಲುತ್ತದೆ. ಹಾಗಾಗಿ ಅಲ್ಲಿಯವರಷ್ಟು ತಗ್ಗಿಸಿ ಹೊಡೆದರೆ ನಮಗೆ ಗಾಳಿಯ ನಷ್ಟದ ಮೇಲೆ ಉರುಳಿನ ನಷ್ಟವೂ ಸೇರುತ್ತದೆ. ಇನ್ನೊಂದು ಮಾತು, ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಗಾಳಿ ತೆಳುವಾದ್ದರಿಂದ ಚೆಂಡು ನೂರಕ್ಕೆ ಮೂರು ನಾಲ್ಕು ಪಾಲು ಹೆಚ್ಚು ಹೋಗುತ್ತದೆ. ರಜೆಗೆ ಕಡಲೂರಿಗೆ ಹೋಗಿ ಆಡಿದಾಗ 150 ಗಜ 145 ಆದರೆ ಗಾಬರಿಯಾಗಬೇಡಿ.

ಪುಟ್ಟ ಮೈಯ ಆಟಗಾರ್ತಿ

“ಇದೆಲ್ಲ ಓದೋಕೆ ಚೆನ್ನಾಗಿದೆ, ನಿಜವಾದ ಬಿರುಗಾಳಿಯಲ್ಲಿ ಬಲ ಇರೋರೇ ಅಲ್ಲವೇ ಗೆಲ್ಲೋದು?” ಎಂದು ಕೇಳುತ್ತೀರಾ? 2012ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ರಾಯಲ್ ಲಿವರ್‌ಪೂಲ್ ಮೈದಾನದಲ್ಲಿ ಮಹಿಳೆಯರ ಬ್ರಿಟಿಷ್ ಓಪನ್ ನಡೆಯಿತು. ಶುಕ್ರವಾರ ಗಾಳಿ ಎಂಥದಿತ್ತೆಂದರೆ, ಆಟ ಶುರುವಾದ ಸ್ವಲ್ಪ ಹೊತ್ತಿಗೇ ನಿಲ್ಲಿಸಿ, ಅಲ್ಲಿಯವರೆಗೆ ಆಡಿದವರ ಲೆಕ್ಕವನ್ನೆಲ್ಲ ಅಳಿಸಿಹಾಕಬೇಕಾಯಿತು. ಶನಿವಾರ ಆ ಸುತ್ತನ್ನು ಮತ್ತೆ ಮೊದಲಿನಿಂದ ಆಡಿಸಿದರು. ಭಾನುವಾರ ಒಂದೇ ದಿನ 36 ಗುಳಿ. ಗೆದ್ದವರು ದಕ್ಷಿಣ ಕೊರಿಯಾದ ಜಿಯಾಯ್ ಶಿನ್. ಎತ್ತರ ಐದಡಿಗಿಂತ ಸ್ವಲ್ಪವೇ ಹೆಚ್ಚು. ದೂರ ಹೊಡೆಯುವವರೆಂಬ ಹೆಸರು ಅವರಿಗೆ ಎಂದೂ ಇರಲಿಲ್ಲ, ಇದ್ದದ್ದು ನೇರವಾಗಿ ಹೊಡೆಯುವವರೆಂಬ ಹೆಸರು. ಶನಿವಾರ 64 ಹೊಡೆತಗಳಲ್ಲಿ ಸುತ್ತು ಮುಗಿಸಿದ ಅವರು ಕೊನೆಗೆ ಗೆದ್ದದ್ದು ಒಂದೆರಡಲ್ಲ, ಒಂಬತ್ತು ಹೊಡೆತಗಳ ಅಂತರದಿಂದ! ಅದಕ್ಕೆ ಮೊದಲು ಅದೇ ವಾರದ ಸೋಮವಾರ ಅಮೆರಿಕದಲ್ಲಿ ಇನ್ನೊಂದು ಪಂದ್ಯವನ್ನು ಒಂಬತ್ತನೆಯ ಹೆಚ್ಚುವರಿ ಗುಳಿಯಲ್ಲಿ ಗೆದ್ದು ವಿಮಾನ ಹತ್ತಿ ಬಂದಿದ್ದರು.

2024ರಲ್ಲಿ ಇದೇ ಓಪನ್ ಸೇಂಟ್ ಆಂಡ್ರ್ಯೂಸ್‌ನಲ್ಲಿ ನಡೆದಾಗಲೂ ಗಾಳಿ ಕಾಡಿತು. ಎರಡು ಹೊಡೆತಗಳಿಂದ ಗೆದ್ದ ನ್ಯೂಜಿಲೆಂಡಿನ ಲಿಡಿಯಾ ಕೋ ಕೂಡ ದೂರ ಹೊಡೆಯುವವರ ಮುಂಚೂಣಿಯವರಲ್ಲ.

ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ನಿಮಗೆ ನೆನಪಿರಬೇಕು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ದೂರ ಹೊಡೆಯುವ ಲೆಕ್ಕದಲ್ಲಿ ಅವರ ಹೆಸರು ಪಟ್ಟಿಯ ಕೆಳತುದಿಯಲ್ಲಿತ್ತು. ಆ ವರ್ಷ ಕೋವಿಡ್ ಬಂದು ಮೈ ಬಲ ಕುಂದಿತ್ತು. ಚೀಲ ಹೊತ್ತು ಜೊತೆಗೆ ನಡೆದವರು ಅವರ ತಾಯಿ. ಕಡೆಗೆ ನಾಲ್ಕನೆಯ ಸ್ಥಾನ, ಪದಕ ತಪ್ಪಿದ್ದು ಒಂದೇ ಒಂದು ಹೊಡೆತದಲ್ಲಿ. ನಮ್ಮ ಮನೆಯಲ್ಲೂ ಅಂದು ಬೆಳಗಿನ ತಿಂಡಿ ತಡವಾಯಿತು. ನಿಮ್ಮಲ್ಲೂ ಆಗಿರಬೇಕು.

ಇನ್ನು ಉಡುಪಿನ ಮಾತು. ಗಾಳಿಯ ದಿನ ದುಪಟ್ಟಾ, ಅಗಲ ತೋಳಿನ ಕುರ್ತಾ ಬೇಡವೇ ಬೇಡ. ಬೀಸುವಾಗ ಪಟಪಟನೆ ಬಡಿದು ಗಮನ ಕೆಡಿಸುತ್ತವೆ. ಮೈಗೆ ಹೊಂದುವ, ಹೆಗಲಿನಲ್ಲಿ ಬಿಗಿಯದ ತೆಳು ಜಾಕೆಟ್ ಸಾಕು. ಸ್ವೆಟರಿನ ಮೇಲೆ ಸ್ವೆಟರ್ ಹಾಕಿಕೊಂಡರೆ ಹೆಗಲು ತಿರುಗುವುದಿಲ್ಲ. ಕೂದಲನ್ನು ಹೆಣೆದು ಟೋಪಿಯೊಳಗೆ ಸೇರಿಸಿ. ತುಂತುರು ಮಳೆಗೆ ಕೈಗವಸು ಒದ್ದೆಯಾಗಿ ಜಾರುವುದರಿಂದ ಚೀಲದಲ್ಲಿ ಇನ್ನೊಂದು ಇರಲಿ, ಒರೆಸಲು ಹಳೆಯ ಹತ್ತಿ ಸೀರೆಯ ತುಂಡೂ ಇರಲಿ. ಅದರಷ್ಟು ಚೆನ್ನಾಗಿ ನೀರು ಹೀರುವ ಟವೆಲ್ ಯಾವ ಅಂಗಡಿಯಲ್ಲೂ ಸಿಗದು.

ಆಟಕ್ಕೆ ಆದಷ್ಟು ಬೆಳಗಿನ ಹೊತ್ತನ್ನೇ ಕಾದಿರಿಸಿಕೊಳ್ಳಿ. ಬಿಸಿಲೇರುವ ಮೊದಲು ಗಾಳಿ ಸಾಮಾನ್ಯವಾಗಿ ಮೆತ್ತಗಿರುತ್ತದೆ. ಅಭ್ಯಾಸಕ್ಕೆ ಮಾತ್ರ ಬೇಕೆಂದೇ ಮಧ್ಯಾಹ್ನ ಮೂರರ ನಂತರ ಹೋಗಿ, ಗಾಳಿಗೆ ಮುಖಮಾಡಿ ನಿಲ್ಲಿ. ಮೊದಲ ಐದು ಚೆಂಡನ್ನು ಅರ್ಧ ಬಲದಲ್ಲಿ, ಮುಂದಿನ ಹತ್ತನ್ನು ಮುಕ್ಕಾಲು ಬಲದಲ್ಲಿ, ಕೊನೆಯ ಐದನ್ನು ನಿಮಗೆ ಇಷ್ಟ ಬಂದಷ್ಟು ಜೋರಾಗಿ ಹೊಡೆದು, ಯಾವುದು ಎಲ್ಲಿ ಬಿತ್ತೆಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಸಲ “ಜೋರಾಗಿ ಹೊಡಿಯೇ” ಅಂದಾಗ ಆ ಚೀಟಿಯನ್ನು ಯಜಮಾನರ ಕೈಗೆ ಕೊಡಿ.